ಕೊಂಡಿಗೂ ಬೇಕು ಪರಿಚಯದ ಸಹಿ

ಬ್ಯಾಂಕುಗಳಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಹೊಸದಾಗಿ ಖಾತೆ ತೆರೆಯಲು ಬಂದವನನ್ನು ಹಳೆಯ ಖಾತೆದಾರನೊಬ್ಬನು ಪರಿಚಯಿಸಿ, ಅರ್ಜಿಯ ಮೇಲೆ ತನ್ನ ಸಹಿ ಹಾಕಬೇಕಾಗಿತ್ತು. ‘ಈತನನ್ನು ನಾನು ಬಲ್ಲೆ’ ಎಂಬುದೇ ಆ ಸಹಿಯ ಅರ್ಥ. ಉದ್ಯೋಗವನ್ನರಸಿ ಮುಂಬಯಿಗೆ ಬಂದ ಎಷ್ಟೋ ಕನ್ನಡಿಗರ ಮೊದಲ ಉಳಿತಾಯ ಖಾತೆ ಊರಿನವರೊಬ್ಬರ ಇಂತಹ ಸಹಿಯಿಂದಲೇ ತೆರೆಯಿತು. ಗುರುತಿನ ದಾಖಲೆಗಳ ನಿಯಮಗಳು ಬಂದ ಮೇಲೆ ಆ ಪದ್ಧತಿ ಮರೆಯಾಯಿತು. ಆದರೆ ಅದರ ಹಿಂದಿನ ತತ್ತ್ವವು ಇಂದು ಬೇರೊಂದು ಕ್ಷೇತ್ರದಲ್ಲಿ ಅತ್ಯವಶ್ಯವಾಗಿದೆ. ವಾಟ್ಸ್‌ಆ್ಯಪ್, ಫೇಸ್‌ಬುಕ್ ಮುಂತಾದ ಮಾಧ್ಯಮಗಳಲ್ಲಿ ಜಾಲತಾಣದ ಲಿಂಕನ್ನು, ಅಂದರೆ ಕೊಂಡಿಯನ್ನು, ಇತರರಿಗೆ ಕಳುಹಿಸುವವನೂ ಒಂದು ಬಗೆಯ ಪರಿಚಯದ ಸಹಿಯನ್ನೇ ಹಾಕುತ್ತಾನೆ.

ಒಂದು ಉದಾಹರಣೆ

ಕೇಂದ್ರ ಸರಕಾರವು 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಯೋಜನೆಯನ್ನು 70 ವರ್ಷ ತುಂಬಿದ ಎಲ್ಲ ಹಿರಿಯರಿಗೂ, ಅವರ ವರಮಾನವನ್ನು ಲೆಕ್ಕಿಸದೆ, ವಿಸ್ತರಿಸಿತು. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಒಳರೋಗಿ ಚಿಕಿತ್ಸೆ ದೊರೆಯುತ್ತದೆ. ಠಾಣೆ–ವಾಶಿ ರೈಲುಮಾರ್ಗದಲ್ಲಿ ರಬಾಳೆ ಮತ್ತು ಕೋಪರಖೈರಣೆಗಳ ನಡುವಿನ ಘಣಸೋಲಿಯಲ್ಲಿ, ಮಗನ ಮನೆಯಲ್ಲಿ ವಾಸವಾಗಿರುವ ಎಪ್ಪತ್ತೆರಡರ ಹಿರಿಯರೊಬ್ಬರನ್ನು ಊಹಿಸಿಕೊಳ್ಳಬಹುದು. ಅವರ ಫೋನಿಗೆ ‘ಎಲ್ಲರೂ ತಪ್ಪದೆ ನೋಡಿ’ ಎಂಬ ಒಂದೇ ಸಾಲಿನೊಡನೆ ಲಿಂಕೊಂದು ಬರುತ್ತದೆ. ಶುಭೋದಯದ ಚಿತ್ರಗಳ ರಾಶಿಯಲ್ಲಿ ಅವರು ಅದನ್ನು ಗಮನಿಸದೆ ಬಿಡಬಹುದು. ಇಲ್ಲವೆ, ಕಳುಹಿಸಿದವರು ಊರಿನವರೆಂಬ ನಂಬಿಕೆಯಿಂದ ಒತ್ತಿಬಿಡಬಹುದು. ಲಿಂಕ್ ಸಾಚಾ ಆಗಿದ್ದರೆ ಮೊದಲನೆಯದರಿಂದ ನಷ್ಟ. ನಕಲಿಯಾಗಿದ್ದರೆ ಎರಡನೆಯದರಿಂದ ಅನಾಹುತ. ಆದುದರಿಂದ ಕಳುಹಿಸುವವನಿಗೆ ಎರಡು ಕರ್ತವ್ಯಗಳಿವೆ: ಮೊದಲು ಪರೀಕ್ಷಿಸುವುದು, ಅನಂತರ ವಿವರಿಸುವುದು.

ಪರೀಕ್ಷಿಸುವ ಕ್ರಮ

ಮೊದಲನೆಯದಾಗಿ, ಲಿಂಕನ್ನು ತೆರೆಯುವ ಮುನ್ನವೇ ಅದರ ವಿಳಾಸವನ್ನು ಓದಬೇಕು. ಆರಂಭದ ಜೋಡಿ ಓರೆಗೆರೆಗಳ ನಂತರ ಬರುವ ಮೊದಲ ಒಂಟಿ ಓರೆಗೆರೆಯವರೆಗಿನ ಭಾಗವೇ ಮನೆಯ ಹೆಸರು; ಅದರ ಕೊನೆಯನ್ನು ನೋಡಬೇಕು. ಸರಕಾರಿ ತಾಣಗಳ ಹೆಸರು ಸಾಮಾನ್ಯವಾಗಿ ‘.ಜಿಓವಿ.ಇನ್’ ಎಂದು ಮುಗಿಯುತ್ತದೆ. ಭಾರತದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘.ಬ್ಯಾಂಕ್.ಇನ್’ ಎಂಬ ಅಂತ್ಯಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತ್ತು. ಈ ಅಕ್ಷರಗಳು ಹೆಸರಿನ ನಡುವೆ ಬಂದು, ಕೊನೆಯಲ್ಲಿ ಬೇರೇನೋ ಇದ್ದರೆ ಅದು ಬೇರೆಯವರ ಮನೆ. ಬೀಗದ ಚಿಹ್ನೆಯನ್ನು ಕಂಡು ಮೋಸಹೋಗಬಾರದು. ದಾರಿಯಲ್ಲಿ ಮಾಹಿತಿಯನ್ನು ಇತರರು ಕದ್ದು ಓದಲಾರರೆಂದಷ್ಟೇ ಅದರ ಅರ್ಥ, ಮನೆಯಲ್ಲಿರುವವನು ಸಜ್ಜನನೆಂದಲ್ಲ.

ಎರಡನೆಯದಾಗಿ, ವಿಳಾಸ ಸರಿಯೆನಿಸಿದ ಮೇಲೆ ಪುಟವನ್ನು ಪೂರ್ತಿ ಓದಿ, ಅದರ ದಿನಾಂಕವನ್ನು ಗಮನಿಸಬೇಕು. ಕಳೆದ ವರ್ಷದ ಆರೋಗ್ಯ ಶಿಬಿರಕ್ಕೆ ಈ ವರ್ಷ ಜನರನ್ನು ಕಳುಹಿಸಿದರೆ ಉಪಕಾರವಾಗದು.

ವಿವರಿಸುವ ಕ್ರಮ

ಬರಿಯ ಲಿಂಕ್ ಎಂದರೆ ವಿಳಾಸವಿದ್ದೂ ಒಕ್ಕಣೆಯಿಲ್ಲದ ಪತ್ರ. ಅದರ ಮೇಲೆ ಎರಡು ಮೂರು ವಾಕ್ಯಗಳಿರಬೇಕು: ವಿಷಯವೇನು, ಯಾರಿಗೆ ಅನ್ವಯಿಸುತ್ತದೆ, ಓದಿದವರು ಏನು ಮಾಡಬೇಕು. ಮೇಲಿನ ಯೋಜನೆಗೆ ಹೀಗೆ ಬರೆಯಬಹುದು: “70 ವರ್ಷ ತುಂಬಿದವರಿಗೆ ಆಸ್ಪತ್ರೆ ಚಿಕಿತ್ಸೆಯ ಸರಕಾರಿ ಸೌಲಭ್ಯ. ನೋಂದಣಿಗೆ ಆಧಾರ್ ಬೇಕು. ತಾಣ ಸರಕಾರದ್ದೇ, ತೆರೆದು ನೋಡಿದ್ದೇನೆ. ಸಂದೇಹವಿದ್ದರೆ ಫೋನ್ ಮಾಡಿರಿ.” ಇಂಗ್ಲಿಷ್, ಮರಾಠಿಗಳನ್ನು ಓದಲಾರದ ತಾಯಂದಿರಿಗೆ ಈ ಕನ್ನಡದ ನಾಲ್ಕು ಮಾತುಗಳೇ ಲಿಂಕಿಗಿಂತ ಹೆಚ್ಚಿನ ಸಹಾಯ.

ಒಂದು ಸಂದೇಶಕ್ಕೆ ಒಂದೇ ಲಿಂಕ್ ಸಾಕು. ಅದೂ ತಾಣದ ಮುಖಪುಟದ್ದಲ್ಲ, ಬೇಕಾದ ಪುಟದ್ದೇ ಆಗಿರಬೇಕು. ಲಿಂಕಿನೊಡನೆ ಮೂಡುವ ಚಿತ್ರ ಮತ್ತು ಶೀರ್ಷಿಕೆ ಕಣ್ಣನ್ನು ಸೆಳೆಯುತ್ತವೆ, ನಿಜ. ಆದರೆ ಅವು ಸಾಮಾನ್ಯವಾಗಿ ತಾಣದ ಒಡೆಯನೇ ಇಟ್ಟವು, ಸತ್ಯಕ್ಕೆ ಸಾಕ್ಷಿಯಲ್ಲ. ಶಿಬಿರದ ಸೂಚನೆಯನ್ನು ಕೆಲವು ದಿನ ಮೊದಲೊಮ್ಮೆ, ಹಿಂದಿನ ದಿನವೊಮ್ಮೆ ಕಳುಹಿಸಿದರೆ ಸಾಕು. ಪದೇಪದೇ ಬಂದ ಸೂಚನೆಯನ್ನು ಯಾರೂ ಓದುವುದಿಲ್ಲ. ರಕ್ತದ ಕೋರಿಕೆಯಲ್ಲಿ ರಕ್ತದ ಗುಂಪು, ಆಸ್ಪತ್ರೆ, ದಿನಾಂಕಗಳಿರಬೇಕು. ರಕ್ತ ದೊರೆತ ಕೂಡಲೇ ಆ ಸಂಗತಿಯನ್ನೂ ತಿಳಿಸಬೇಕು.

ತಪ್ಪಿದರೆ

ಪರೀಕ್ಷಿಸದೆ ಹರಡಿದ ಸಂದೇಶದ ಬೆಲೆ ಕೆಲವೊಮ್ಮೆ ಪ್ರಾಣವೇ ಆಗಿದೆ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐವರೂ, ಅದೇ ತಿಂಗಳ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಯುವಕನೂ ಮಕ್ಕಳ ಕಳ್ಳರೆಂಬ ವದಂತಿಗೆ ಬಲಿಯಾದರು. ಆ ತಿಂಗಳಲ್ಲೇ ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸುವ ಮಿತಿಯನ್ನು ಪ್ರಕಟಿಸಿತು. 2020ರ ಏಪ್ರಿಲಿನಲ್ಲಿ, ಹಲವು ಕೈ ದಾಟಿ ಬಂದ ಸಂದೇಶಕ್ಕೆ ಆ ಮಿತಿ ಒಂದಕ್ಕೆ ಇಳಿಯಿತು. ಆದರೆ ಯಂತ್ರದ ಮಿತಿಗಿಂತ ಮನುಷ್ಯನ ವಿವೇಕವೇ ಮೇಲು.

ಕಳುಹಿಸಿದ ಲಿಂಕ್ ತಪ್ಪೆಂದು ತಿಳಿದರೆ ಸದ್ದಿಲ್ಲದೆ ಅಳಿಸಿಹಾಕಿದರೆ ಸಾಲದು. ಅದೇ ಗುಂಪಿನಲ್ಲಿ ‘ಅದು ತಪ್ಪು, ಯಾರೂ ತೆರೆಯಬೇಡಿರಿ’ ಎಂದು ಬರೆಯಬೇಕು. ಯಾರಾದರೂ ಹಣ ಕಳೆದುಕೊಂಡಿದ್ದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣವೇ 1930 ಸಂಖ್ಯೆಗೂ ತಮ್ಮ ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಠಿಣ.

ಅಪರಿಚಿತನ ಅರ್ಜಿಗೆ ಸಹಿ ಹಾಕುವ ಮುನ್ನ ಹಿಂದಿನವರು ಒಂದು ಕ್ಷಣ ಲೇಖನಿಯನ್ನು ತಡೆದು ಯೋಚಿಸುತ್ತಿದ್ದರು. ಬೆರಳ ತುದಿಯಲ್ಲಿಯೂ ಆ ಒಂದು ಕ್ಷಣದ ತಡೆಯಿದ್ದರೆ, ಪರಊರಿನಲ್ಲಿ ನೆಲೆಸಿದ ಕನ್ನಡಿಗರ ಪರಸ್ಪರ ನಂಬಿಕೆಯೆಂಬ ಠೇವಣಿ ಭದ್ರವಾಗಿರುವುದು.