ಎರಡಾಣೆಯ ಉಳಿತಾಯ: ಉಡುಪಿಯ ಎರಡು ಬ್ಯಾಂಕುಗಳ ಕಥೆ

ಕಾಮರ್ಸ್ ಓದುವ ನಾವು ಉಳಿತಾಯ ಖಾತೆ, ಚಾಲ್ತಿ ಖಾತೆ, ನಿಶ್ಚಿತ ಠೇವಣಿ ಎಂದು ಬಾಯಿಪಾಠ ಮಾಡುತ್ತೇವೆ. ಬ್ಯಾಂಕಿಗೆ ಮೊದಲು ಹಣ ತಂದವರು ಎಂಥವರು, ಎಷ್ಟು ತಂದರು ಎಂದು ಕೇಳುವುದಿಲ್ಲ. ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ಉಡುಪಿಯೇ ಸಾಕು.

1906ರ ಮಾರ್ಚ್ 12ರಂದು ಅಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭವಾಯಿತು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಇದೇ. ಸ್ಥಾಪಕರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್. ಬಂಡವಾಳ 5,000 ರೂಪಾಯಿ. ಮೊದಲ ದಿನ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಇಂದಿನ ಲೆಕ್ಕದಲ್ಲಿ ಬರೆದರೆ ಸುಮಾರು 38 ರೂಪಾಯಿ 82 ಪೈಸೆ. ನನಗೆ ಹೆಚ್ಚು ಇಷ್ಟವಾದದ್ದು ಆ ಎರಡು ಪೈ. ಅಷ್ಟನ್ನೂ ಬಿಡದೆ ಬರೆದಿಟ್ಟಿದ್ದಾರೆ.

ಅದು ಸ್ವದೇಶಿ ಚಳವಳಿಯ ಕಾಲ. ಜಾತಿ ಮತ ನೋಡದೆ ಎಲ್ಲ ವರ್ಗದವರಲ್ಲೂ ಉಳಿತಾಯದ ಮತ್ತು ಸಹಕಾರದ ಅಭ್ಯಾಸ ಬೆಳೆಸುವುದೇ ಉದ್ದೇಶ ಎಂದು ಸ್ಥಾಪಕರು ತಮ್ಮ ಮನವಿಯಲ್ಲಿ ಹೇಳಿದ್ದರು. ಆದರೆ ಮೊದಲ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ. ಅಂದರೆ 17 ವರ್ಷ, ನನ್ನ ಇಡೀ ವಯಸ್ಸಿನಷ್ಟು ಕಾಲ!

1925ರಲ್ಲಿ ಅದೇ ಊರಿನಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 8,000 ರೂಪಾಯಿ ಬಂಡವಾಳದಲ್ಲಿ ಇನ್ನೊಂದು ಬ್ಯಾಂಕು ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಗುರಿ. 1928ರಲ್ಲಿ ಬ್ರಹ್ಮಾವರದಲ್ಲಿ ಮೊದಲ ಶಾಖೆ ತೆರೆಯಿತು. ಪಿಗ್ಮಿ ಠೇವಣಿ ಶುರುವಾದದ್ದೂ ಅದೇ ವರ್ಷ: ಬ್ಯಾಂಕಿನವರೇ ಮನೆಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಪಡೆಯುತ್ತಿದ್ದರು. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಸಾಹೇಬರ ಬ್ಯಾಂಕಿನಲ್ಲಿ ಮೊದಲ ದಿನ ಕೂಡಿದ್ದಕ್ಕಿಂತ ಇದು ಹೆಚ್ಚು, ಅದೂ ಒಬ್ಬರಿಂದಲೇ.

ಬಾಗಿಲಿಗೆ ಬರುವುದರ ಬೆಲೆ ನನಗೆ ಗೊತ್ತಾದದ್ದು ದಾದಿಯಿಂದ. (ಆಸ್ಪತ್ರೆಯ ದಾದಿಯಲ್ಲ. ಉರ್ದುವಿನಲ್ಲಿ ದಾದಿ ಎಂದರೆ ಅಪ್ಪನ ತಾಯಿ.) ಅವರಿಗೆ ಓದಲು ಬರುವುದು ಉರ್ದು ಮಾತ್ರ. ಬ್ಯಾಂಕಿನ ಚಲನ್ ಕಂಡರೆ ಭಯ. ಬೀಡಿ ಕಟ್ಟಿ ಬಂದ ದುಡ್ಡು, ಅವರ ಮಾತಿನಲ್ಲಿ 'ಬಚತ್', ಅಕ್ಕಿ ಡಬ್ಬದೊಳಗೆ ಇರುತ್ತಿತ್ತು. ಪಿಗ್ಮಿಯವರು ಮನೆಗೆ ಬರತೊಡಗಿದ ಮೇಲೆಯೇ ಅದು ಪಾಸ್‌ಬುಕ್ಕಿಗೆ ಹೋಯಿತು. ಬಂದ ಬಡ್ಡಿಯನ್ನು ದಾದಿ ಬೇರೆ ತೆಗೆದು ಬಡವರಿಗೆ ಕೊಟ್ಟುಬಿಡುತ್ತಿದ್ದರು. ಅಸಲಿನಿಂದ ಅಬ್ಬಾ ಅವರ ಕಾಲೇಜು ಫೀಸು ಕಟ್ಟಿದರು.

ಬ್ಯಾಂಕಿನ ಆಸ್ತಿ-ಹೊಣೆ ಪಟ್ಟಿಯಲ್ಲಿ ಠೇವಣಿಯನ್ನು ಹೊಣೆಯ ಕಡೆಗೆ ಏಕೆ ಬರೆಯುತ್ತಾರೆ ಎಂದು ತರಗತಿಯಲ್ಲಿ ಹಲವರಿಗೆ ಗೊಂದಲ. ಅದು ದಾದಿಯ ದುಡ್ಡು, ಕೇಳಿದಾಗ ಬ್ಯಾಂಕು ಹಿಂದಿರುಗಿಸಬೇಕು ಎಂದು ಯೋಚಿಸಿದರೆ ಅರ್ಥವಾಗುತ್ತದೆ.

ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಷನ್ 1980ರಲ್ಲಿ ರಾಷ್ಟ್ರೀಕರಣವಾದವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ ಎರಡೂ ಹೆಸರುಗಳು ಫಲಕಗಳಿಂದ ಹೋದವು. ಹಾಜಿ ಅಬ್ದುಲ್ಲಾ ಸಾಹೇಬರ ಉಡುಪಿಯ ಮನೆಯನ್ನು ಕಾರ್ಪೊರೇಷನ್ ಬ್ಯಾಂಕು ನಾಣ್ಯಗಳ ಸಂಗ್ರಹಾಲಯವಾಗಿ ಮಾಡಿತ್ತು. ಈ ವರ್ಷದ ಶೈಕ್ಷಣಿಕ ಪ್ರವಾಸದ ಪಟ್ಟಿಯಲ್ಲಿ ಅದನ್ನೂ ಸೇರಿಸಿ ಎಂದು ನಮ್ಮ ಉಪನ್ಯಾಸಕರನ್ನು ಕೇಳಿಕೊಂಡಿದ್ದೇನೆ.