ಸಂಕೇತಶಿಲ್ಪ, ಸಿರಿಭೂವಲಯ ಮತ್ತು ತೆಂಗಿನ ತೋಟ

ಚಚ್ಚೌಕವಾಗಿ ನೆಟ್ಟ ತೆಂಗಿನ ತೋಟದ ಮೂಲೆಯಲ್ಲಿ ನಿಂತು ನೋಡಿದವರೆಲ್ಲರಿಗೂ ಒಂದು ಸಂಗತಿ ಅನುಭವಕ್ಕೆ ಬಂದಿರುತ್ತದೆ. ರೈತನು ಹಗ್ಗ ಹಿಡಿದು ಗುರುತು ಹಾಕಿದ್ದು ಎರಡೇ ದಿಕ್ಕಿನ ಸಾಲುಗಳಿಗೆ. ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಆದರೆ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಓರೆಯಾಗಿ ಮೂರನೆಯ ಸಾಲು, ಮತ್ತಷ್ಟು ಓರೆಯಾಗಿ ನಾಲ್ಕನೆಯ ಸಾಲು, ಹೀಗೆ ಹತ್ತಾರು ಸಾಲುಗಳು ಕಣ್ಣಿಗೆ ತೆರೆದುಕೊಳ್ಳುತ್ತವೆ. ಮರದಿಂದ ಮರಕ್ಕೆ 30 ಅಡಿ ಇದ್ದರೆ ಕರ್ಣದ ಸಾಲಿನಲ್ಲಿ ಸುಮಾರು 42 ಅಡಿಗೊಂದು ಮರ ಸಿಕ್ಕುತ್ತದೆ. ಪಕ್ಕಕ್ಕೆ ಒಂದು, ಮುಂದಕ್ಕೆ ಎರಡು ಎಂಬ ಲೆಕ್ಕದಲ್ಲಿ ಹೋದರೆ ಸುಮಾರು 67 ಅಡಿಗೊಂದು. ಈ ಸಾಲುಗಳು ಕಣ್ಣಿನ ಭ್ರಮೆಯಲ್ಲ, ಅಲ್ಲಿ ನಿಜವಾಗಿಯೂ ಇವೆ. ಹರಳುಗಳೊಳಗೆ ಪರಮಾಣುಗಳು ಇಂತಹ ಸಾಲುಗಳಲ್ಲಿ ನಿಂತಿರುವುದರಿಂದಲೇ, 1913ರಲ್ಲಿ ಬ್ರ್ಯಾಗ್ ತಂದೆ ಮಕ್ಕಳಿಗೆ ಕ್ಷಕಿರಣಗಳ ನೆರವಿನಿಂದ ಹರಳಿನ ರಚನೆಯನ್ನು ಓದಲು ಸಾಧ್ಯವಾಯಿತು. ಸಾಲುಗಳು ಉಂಟು, ಸರಿ. ಆದರೆ ಅವೆಲ್ಲವನ್ನೂ ರೈತನು ಉದ್ದೇಶಿಸಿದ್ದನೇ?

ಭೌತವಿಜ್ಞಾನದ ಪಾಠಕ್ಕೆ ಮೀಸಲಾಗಿದ್ದ ಈ ತೋಟದ ದೃಷ್ಟಾಂತವನ್ನು ನಾವು ಬೇರೊಂದು ವಿಷಯಕ್ಕೆ ಬಳಸಬೇಕಾಗಿ ಬಂದುದಕ್ಕೆ ಕಾರಣನಾದವನು ಚಿಕ್ಕನಾಯಕನಹಳ್ಳಿಯ ಕಡೆಯಿಂದ ತಿಪಟೂರಿಗೆ ಓದಲು ಬರುತ್ತಿದ್ದ ಒಬ್ಬ ವಿದ್ಯಾರ್ಥಿ. ಪ್ರಯೋಗಶಾಲೆಯ ಹೊತ್ತು ಮುಗಿದ ಮೇಲೆ ಅವನು ಗೆರೆ ಹಾಕಿದ ಒಂದು ಪುಸ್ತಕವನ್ನು ನಮ್ಮ ಮುಂದೆ ಬಿಡಿಸಿಟ್ಟನು. ಅದರಲ್ಲಿ ‘ಸಿರಿಭೂವಲಯ’ದ ಒಂದು ಚಕ್ರವನ್ನು ಮನೆ ಮನೆಯಾಗಿ ನಕಲು ಮಾಡಿದ್ದನು. ಇಷ್ಟಿಷ್ಟು ಮನೆಗಳನ್ನು ಬಿಟ್ಟು ಬಿಟ್ಟು ಓದಿದಾಗ ಅಲ್ಲಿ ‘ಅಣು’ ಎಂಬ ಮಾತು ಬರುತ್ತದೆಂದೂ, ಆದುದರಿಂದ ನಮ್ಮ ಹಿಂದಿನವರಿಗೆ ಪರಮಾಣುವಿಜ್ಞಾನ ತಿಳಿದಿತ್ತೆಂದೂ ಅವನ ವಾದ. ಹುಡುಗ ಹದಿನೈದು ದಿನ ದುಡಿದಿದ್ದನು. ನಕ್ಕು ಕಳುಹಿಸುವುದು ಸುಲಭವಾಗಿತ್ತು. ಮೆಚ್ಚಿ ಬೆನ್ನು ತಟ್ಟುವುದು ಇನ್ನೂ ಸುಲಭ. ಎರಡೂ ಅವನಿಗೆ ನಾವು ಮಾಡುವ ಅನ್ಯಾಯವೆಂದು ತೋರಿತು. ಗೂಢವಾದ ಬರೆಹವೊಂದನ್ನು ‘ಬಿಡಿಸಿದೆ’ ಎಂದು ಒಬ್ಬನು ಹೇಳಿದಾಗ ಅದನ್ನು ಪರೀಕ್ಷಿಸುವ ಬಗೆ ಯಾವುದು? ಅಂದು ಅವನೊಡನೆ ನಾವು ನಡೆಸಿದ ವಿಚಾರವನ್ನೇ ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ಗೂಢಲಿಪಿಯ ಎರಡು ಮುಖ್ಯ ಜಾತಿಗಳನ್ನು ತಿಳಿಯೋಣ. ಒಂದರಲ್ಲಿ ಅಕ್ಷರಗಳು ವೇಷ ಬದಲಿಸುತ್ತವೆ. ‘ಕ’ ಇದ್ದೆಡೆ ‘ಪ’, ‘ತ’ ಇದ್ದೆಡೆ ‘ಲ’ ಎಂಬಂತೆ. ಇದು ಆದೇಶಕ್ರಮ. ಇನ್ನೊಂದರಲ್ಲಿ ಅಕ್ಷರಗಳು ತಮ್ಮ ವೇಷದಲ್ಲಿಯೇ ಇದ್ದು ಜಾಗ ಮಾತ್ರ ಬದಲಿಸುತ್ತವೆ. ಇದು ಸ್ಥಾನಾಂತರಕ್ರಮ. ‘ತೆಂಗಿನ ಮರದ ನೆರಳು’ ಎಂಬುದರಲ್ಲಿ ಒಂಬತ್ತು ಅಕ್ಷರಗಳಿವೆ. ಸಾಲಿಗೆ ಮೂರರಂತೆ ಬರೆಯೋಣ:

ತೆಂ ಗಿ ನ
ಮ ರ ದ
ನೆ ರ ಳು

ಈಗ ಮೇಲಿನಿಂದ ಕೆಳಕ್ಕೆ ಓದಿದರೆ ‘ತೆಂಮನೆಗಿರರನದಳು’ ಎಂದಾಗುತ್ತದೆ. ಅಕ್ಷರಗಳ ಎಣಿಕೆ ಬದಲಾಗಿಲ್ಲ. ‘ರ’ ಮೊದಲೂ ಎರಡು ಸಲ, ಈಗಲೂ ಎರಡು ಸಲ. ಗೂಢಲಿಪಿಯನ್ನು ಬಿಡಿಸುವವರು ಅಕ್ಷರಗಳ ಎಣಿಕೆಯಿಂದಲೇ ಕೆಲಸ ತೊಡಗುವುದು ಇದಕ್ಕಾಗಿಯೇ. ಭಾಷೆಗೆ ಸಹಜವಾದ ಎಣಿಕೆ ಹಾಗೆಯೇ ಉಳಿದಿದ್ದರೆ ಸ್ಥಾನಾಂತರ, ಕೆಟ್ಟಿದ್ದರೆ ಆದೇಶ ಎಂದು ಮೊದಲ ಊಹೆ ಮಾಡುತ್ತಾರೆ. ಆದರೆ ವಾಚಕರು ಇನ್ನೊಂದನ್ನೂ ಗಮನಿಸಿರಬಹುದು. ನಮ್ಮ ಗೂಢಲಿಪಿಯ ನಡುವೆ ‘ಮನೆ’ ಎಂಬ ಮಾತು ಕುಳಿತಿದೆ. ಮುಂದಿನ ‘ಗಿ’ ಎಂಬುದನ್ನು ಬರೆದವನ ಕೈತಪ್ಪೆಂದು ತಿದ್ದಿಕೊಂಡರೆ ‘ಮನೆಗೆ’ ಎಂದೇ ಆಗುತ್ತದೆ! ಈ ಮನೆಯನ್ನು ನಾವು ಕಟ್ಟಿದವರಲ್ಲ. ಮೂರು ಸಾಲಿನ ಪುಟ್ಟ ಚೌಕದಲ್ಲಿಯೇ ಹೀಗಾದರೆ ದೊಡ್ಡ ಚೌಕದ ಗತಿಯೇನು?

ಇನ್ನು ಜಗತ್ಪ್ರಸಿದ್ಧವಾದ ಒಂದು ಸಂಕೇತಶಿಲ್ಪದ ಕಥೆ. ಅಮೆರಿಕದ ಸಿ.ಐ.ಎ. ಎಂಬ ಗುಪ್ತಚರ ಸಂಸ್ಥೆಯ ಲ್ಯಾಂಗ್ಲಿ ಆವರಣದಲ್ಲಿ 1990ರ ನವೆಂಬರಿನಲ್ಲಿ ಜಿಮ್ ಸ್ಯಾನ್‌ಬಾರ್ನ್ ಎಂಬ ಶಿಲ್ಪಿಯ ‘ಕ್ರಿಪ್ಟೋಸ್’ ಪ್ರತಿಷ್ಠಿತವಾಯಿತು. ಬಳುಕಿದ ತಾಮ್ರದ ಹಾಳೆಯಲ್ಲಿ ಅಕ್ಷರಗಳನ್ನು ಆರಪಾರವಾಗಿ ಕತ್ತರಿಸಲಾಗಿದೆ. ಗೂಢಬರೆಹವಿರುವ ಭಾಗದಲ್ಲಿ ಸುಮಾರು 865 ಅಕ್ಷರಗಳು, ನಾಲ್ಕು ಖಂಡಗಳು. ಸಂಕೇತಗಳನ್ನು ಹೆಣೆಯಲು ಶಿಲ್ಪಿಗೆ ನೆರವಾದವರು ಆ ಸಂಸ್ಥೆಯಲ್ಲಿಯೇ ಅಧಿಕಾರಿಯಾಗಿದ್ದ ಎಡ್ ಶೈಟ್. ಮೊದಲ ಎರಡು ಖಂಡಗಳು ಆದೇಶಕ್ರಮದವು, ಮೂರನೆಯದು ಸ್ಥಾನಾಂತರದ್ದು. 1998ರಲ್ಲಿ ಆ ಸಂಸ್ಥೆಯ ಡೇವಿಡ್ ಸ್ಟೈನ್ ಎಂಬವರು ಸೀಸದಕಡ್ಡಿ, ಕಾಗದ ಹಿಡಿದು ಸುಮಾರು 400 ಗಂಟೆ ದುಡಿದು ಮೂರನ್ನೂ ಬಿಡಿಸಿದರು. ಹೊರಜಗತ್ತಿಗೆ ಇದು ತಿಳಿಯುವ ಮೊದಲೇ 1999ರಲ್ಲಿ ಜಿಮ್ ಗಿಲ್ಲೋಗ್ಲಿ ಎಂಬ ಗಣಕವಿಜ್ಞಾನಿ ಗಣಕಯಂತ್ರದಿಂದ ಅವೇ ಮೂರನ್ನು ಬಿಡಿಸಿ ಪ್ರಕಟಿಸಿದರು. ಒಬ್ಬರನ್ನೊಬ್ಬರು ಕೇಳದೆ ಬೇರೆ ಬೇರೆ ದಾರಿಯಲ್ಲಿ ಬಂದವರು ಒಂದೇ ಊರನ್ನು ಸೇರಿದ್ದು ಇಲ್ಲಿ ಮುಖ್ಯವಾದ ವಿಷಯ. ಮೂರನೆಯ ಖಂಡವು ತೂತಂಖಾಮನ್ ಅರಸನ ಸಮಾಧಿಯನ್ನು ಹೋವರ್ಡ್ ಕಾರ್ಟರ್ ತೆರೆದ ಪ್ರಸಂಗವನ್ನು ಹೇಳುತ್ತದೆ.

ಎರಡನೆಯ ಖಂಡದ ಕೊನೆ ನಮ್ಮ ವಿಚಾರಕ್ಕೆ ಬಹಳ ಬೆಲೆಯುಳ್ಳದ್ದು. ಬಿಡಿಸಿದವರಿಗೆಲ್ಲ ಅಲ್ಲಿ ‘ಐಡಿ ಬೈ ರೋಸ್’, ಅಂದರೆ ‘ಸಾಲುಗಳಿಂದ ಗುರುತಿಸು’ ಎಂಬಂತಹ ಮಾತು ಸಿಕ್ಕಿತು. ಇಂಗ್ಲಿಷ್ ಮಾತೇ, ಅರ್ಥವೂ ಇತ್ತು. ನಾಲ್ಕನೆಯ ಖಂಡಕ್ಕೆ ಇದೇ ಸುಳಿವೆಂದು ಎಷ್ಟೋ ಜನ ಉತ್ಸಾಹಿಗಳು ಅದರ ಮೇಲೆ ಊಹೆಗಳನ್ನು ಕಟ್ಟಿದರು. 2006ರಲ್ಲಿ ಶಿಲ್ಪಿಯೇ ಬಾಯಿಬಿಟ್ಟರು: ಶಿಲ್ಪದ ಅಂದಕ್ಕಾಗಿ ತಾವು ಒಂದು ಅಕ್ಷರವನ್ನು ಕೈಬಿಟ್ಟಿದ್ದರಿಂದ ಅದರ ಮುಂದಿನ ಭಾಗ ಕೆಟ್ಟಿದೆ ಎಂದು. ಆ ಅಕ್ಷರವನ್ನು ಸೇರಿಸಿದಾಗ ಅಲ್ಲಿ ಬಂದದ್ದು ‘ಲೇಯರ್ ಟೂ’, ಎಂದರೆ ‘ಎರಡನೆಯ ಪದರ’. ಏಳು ವರ್ಷ ಜನರು ಓದುತ್ತಿದ್ದ ಮಾತು ಕೇವಲ ಕೈಬಿಟ್ಟ ಅಕ್ಷರದ ಫಲವಾಗಿತ್ತು. ಅರ್ಥ ಬರುತ್ತದೆ ಎಂಬುದೊಂದೇ ಸಾಕ್ಷಿಯಾಗಲಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಂಡಿಲ್ಲ.

97 ಅಕ್ಷರಗಳ ನಾಲ್ಕನೆಯ ಖಂಡ ಮಾತ್ರ ಬಗ್ಗಲಿಲ್ಲ. 2010ರಿಂದ ಮುಂದೆ ಶಿಲ್ಪಿಯು ಬರ್ಲಿನ್, ಗಡಿಯಾರ, ಈಶಾನ್ಯ, ಪೂರ್ವ ಎಂಬ ಮಾತುಗಳನ್ನು ಸುಳಿವಾಗಿ ಕೊಟ್ಟರೂ ಸಾಗಲಿಲ್ಲ. 2025ರಲ್ಲಿ ಇಬ್ಬರು ಬರೆಹಗಾರರಿಗೆ ಅದರ ಮೂಲಪಾಠ ಸಿಕ್ಕಿತು. ಸಿಕ್ಕಿದ್ದು ಲೆಕ್ಕದಿಂದಲ್ಲ, ಸ್ಮಿತ್ಸೋನಿಯನ್ ಸಂಸ್ಥೆಯ ಪತ್ರಾಗಾರಕ್ಕೆ ಶಿಲ್ಪಿ ಕೊಟ್ಟಿದ್ದ ಕಾಗದಗಳ ನಡುವೆ! ಅದೇ ನವೆಂಬರಿನಲ್ಲಿ ಶಿಲ್ಪಿಯ ಬಳಿಯಿದ್ದ ಉತ್ತರ ಹರಾಜಿನಲ್ಲಿ 9 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಹೋಯಿತು. ಪರೀಕ್ಷೆಗೆ ಮೊದಲು ಉತ್ತರಪತ್ರಿಕೆ ಕಂಡವನನ್ನು ಗಣಿತ ಬಲ್ಲವನೆಂದು ಯಾರೂ ಕರೆಯರಷ್ಟೆ.

ಈ ಶಿಲ್ಪದ ಹೆಸರು ಮನೆಮಾತಾದದ್ದರಲ್ಲಿ ರೋಮಾಂಚಕ ಕಾದಂಬರಿಗಳ ಪಾತ್ರ ಸಣ್ಣದಲ್ಲ. ಡ್ಯಾನ್ ಬ್ರೌನರ ‘ದ ಡಾ ವಿಂಚಿ ಕೋಡ್’ (2003) ಕೃತಿಯ ಅಮೆರಿಕದ ಹೊದಿಕೆಯಲ್ಲಿ ಕ್ರಿಪ್ಟೋಸ್‌ನ ಸೂಚನೆಗಳನ್ನು ಅಡಗಿಸಿದ್ದರು. 2009ರ ‘ದ ಲಾಸ್ಟ್ ಸಿಂಬಲ್’ ಕೃತಿಯಲ್ಲಿ ಶಿಲ್ಪವೇ ಕಥೆಯೊಳಗೆ ಬರುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದ ತಲೆಮಾರಿನ ಕನ್ನಡಿಗರಿಗೆ ಈ ರುಚಿ ಹೊಸದಲ್ಲ. ಕೃಷಿವಿಜ್ಞಾನಿಯಾದ ಕೆ. ಎನ್. ಗಣೇಶಯ್ಯನವರು ‘ಕನಕ ಮುಸುಕು’ ಕಾದಂಬರಿಗೆ ನಮ್ಮ ನೆಲದ ಒಗಟನ್ನೇ ಎತ್ತಿಕೊಂಡರು: ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೇ? ಮುಸುಕಿನ ಜೋಳದ ತವರು ಅಮೆರಿಕ. 1492ರ ಕೊಲಂಬಸನ ಯಾನಕ್ಕೆ ಮುಂಚೆ ಅದು ಸೋಮನಾಥಪುರಕ್ಕೆ ಬಂದುದಾದರೂ ಹೇಗೆ? ಬಂದಿತ್ತೆಂದು ಜೊಹಾನೆಸೆನ್ ಮತ್ತು ಪಾರ್ಕರ್ 1989ರಲ್ಲಿ ವಾದಿಸಿದರು. ಅದು ತೆನೆಯಲ್ಲ, ಮುತ್ತುಗಳಿಂದಾದ ‘ಮುಕ್ತಾಫಲ’ವೆಂಬ ಕಲ್ಪನೆಯ ಹಣ್ಣೆಂದು ಪಾಯಕ್ ಮತ್ತು ಸಚಾನ್ ಎಂಬ ವಿಜ್ಞಾನಿಗಳು 1993ರಲ್ಲಿ ಉತ್ತರ ಕೊಟ್ಟರು. ತಿಪಟೂರಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲಿ ನುಗ್ಗೆಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ (1246) ಸಿಕ್ಕುತ್ತದೆ. ಅಲ್ಲಿಳಿದು, ವಿಗ್ರಹಗಳ ಕೈಯಲ್ಲಿ ಏನಿದೆಯೆಂದು ವಿದ್ಯಾರ್ಥಿಗಳು ತಾವೇ ನೋಡಿ ಬರೆದುಕೊಳ್ಳಬಹುದು. ಕಾದಂಬರಿ ಕೊನೆಯ ಪುಟದಲ್ಲಿ ಮುಗಿಯಲೇಬೇಕು. ಸಂಶೋಧನೆಗೆ ಆ ಕಟ್ಟುಪಾಡಿಲ್ಲ.

ಈಗ ಸಿರಿಭೂವಲಯಕ್ಕೆ ಬರೋಣ. ಇದು ಕುಮುದೇಂದು ಮುನಿಯದೆಂದು ಹೇಳಲಾಗುವ, ಅಕ್ಷರಗಳಿಲ್ಲದ ಕಾವ್ಯ. ಪಂಡಿತ ಯಲ್ಲಪ್ಪಶಾಸ್ತ್ರಿಗಳ ಬಳಿಯಿದ್ದ ಪ್ರತಿಯನ್ನು ಕರ್ಲಮಂಗಲಂ ಶ್ರೀಕಂಠಯ್ಯನವರೂ, ಕನ್ನಡ ಬೆರಳಚ್ಚು ಯಂತ್ರದಿಂದ ಹೆಸರಾದ ಅನಂತಸುಬ್ಬರಾಯರೂ ಸೇರಿ ಬೆಳಕಿಗೆ ತಂದರು. 1953ರಲ್ಲಿ ಮೊದಲ ಭಾಗ ಅಚ್ಚಾಯಿತು. ಒಂದೊಂದು ಚಕ್ರದಲ್ಲಿ ಉದ್ದಕ್ಕೆ 27, ಅಡ್ಡಕ್ಕೆ 27, ಒಟ್ಟು 729 ಮನೆಗಳು, ಮನೆಗೊಂದು ಅಂಕ. ಅಂಕಗಳು 1ರಿಂದ 64ರ ವರೆಗೆ. ಒಂಬತ್ತು ಸ್ವರಗಳಿಗೆ ಹ್ರಸ್ವ, ದೀರ್ಘ, ಪ್ಲುತವೆಂದು 27, ವ್ಯಂಜನಗಳು 33, ಯೋಗವಾಹಗಳು 4, ಕೂಡಿದರೆ 64. ಅಂಕಕ್ಕೆ ಧ್ವನಿಯನ್ನಿಟ್ಟು, ‘ಬಂಧ’ವೆಂಬ ನಿಗದಿಯಾದ ದಾರಿಯಲ್ಲಿ ಮನೆಯಿಂದ ಮನೆಗೆ ನಡೆದರೆ ಸಾಂಗತ್ಯದ ಪದ್ಯಗಳು ಬರುತ್ತವೆ. ಎತ್ತು ನಡೆಯುತ್ತ ಗಂಜಲ ಬಿಟ್ಟ ಗೆರೆಯಂತೆ ಅಂಕುಡೊಂಕಾಗಿ ಓದುವ ಗೋಮೂತ್ರಿಕಾ ಬಂಧ ನಮ್ಮ ಚಿತ್ರಕಾವ್ಯಗಳಲ್ಲಿ ಹಳೆಯದೇ ಆಗಿದೆ. ಪದ್ಯಗಳ ಮೊದಲಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಪ್ರಾಕೃತವೂ, ನಡುವಿನ ಅಕ್ಷರಗಳನ್ನು ಓದಿದರೆ ಸಂಸ್ಕೃತವೂ ಬರುತ್ತದೆಂದು ಸಂಪಾದಕರು ತೋರಿಸಿದರು. ಇಷ್ಟರ ಮೇಲೆ 718 ಭಾಷೆಗಳು, ಸಕಲ ಶಾಸ್ತ್ರಗಳು, ಅಣುವಿಜ್ಞಾನ ಎಲ್ಲವೂ ಇದರೊಳಗಿವೆ ಎಂಬ ಮಾತು ಹಬ್ಬಿತು. ಕೃತಿಯ ಕಾಲ ಒಂಬತ್ತನೆಯ ಶತಮಾನವೆಂದು ಶ್ರೀಕಂಠಯ್ಯನವರ ಮತ. ಸಾಂಗತ್ಯವು ವಿಶೇಷವಾಗಿ ಬಳಕೆಗೆ ಬಂದದ್ದು ಬಹಳ ಈಚೆಗೆ ಎಂಬುದನ್ನೂ ಭಾಷೆಯ ರೂಪವನ್ನೂ ಮುಂದಿಟ್ಟು ಅನೇಕ ವಿದ್ವಾಂಸರು ಇದನ್ನು ಒಪ್ಪಲಿಲ್ಲ.

ಹುಡುಗನ ‘ಅಣು’ವನ್ನು ಲೆಕ್ಕಕ್ಕೆ ಹಚ್ಚಿದೆವು. ಅ, ಣ್, ಉ ಎಂದು ಅದರಲ್ಲಿ ಮೂರು ಧ್ವನಿಗಳು. 64 ಧ್ವನಿಗಳೂ ಸಮನಾಗಿ ಬರುತ್ತವೆಂದು ಭಾವಿಸಿದರೆ, ಯಾವುದಾದರೂ ಮೂರು ಮನೆಗಳಲ್ಲಿ ಇವು ಇದೇ ಕ್ರಮದಲ್ಲಿ ಇರುವ ಸಂಭವ 64×64×64ರಲ್ಲಿ, ಅಂದರೆ 2,62,144ರಲ್ಲಿ ಒಂದು. ಬಹಳ ಅಪರೂಪವೆಂದು ತೋರುತ್ತದೆ, ನಿಜ. ಆದರೆ ಹುಡುಕಲು ಅವನಿಗೆ ಎಷ್ಟು ದಾರಿಗಳಿದ್ದವು? 729 ಮನೆಗಳಲ್ಲಿ ಯಾವುದರಿಂದಲಾದರೂ ತೊಡಗಬಹುದು; ಕೊನೆಯ ಮನೆಯಾದ ಮೇಲೆ ಮೊದಲನೆಯದಕ್ಕೆ ಬರಬಹುದೆಂದರೆ 1ರಿಂದ 728ರ ವರೆಗೆ ಯಾವ ಹೆಜ್ಜೆಯನ್ನಾದರೂ ಹಾಕಬಹುದು. 729×728 = 5,30,712 ದಾರಿಗಳು! ಭಾಗಿಸಿ ನೋಡಿದರೆ ಸುಮಾರು 2. ಎಂದರೆ, ಯಾರೂ ಏನನ್ನೂ ಅಡಗಿಸದಿದ್ದರೂ ಚಕ್ರವೊಂದಕ್ಕೆ ಸರಾಸರಿ ಎರಡು ‘ಅಣು’ಗಳು ಸಿಕ್ಕತಕ್ಕವೇ. ನಾಲ್ಕು ಧ್ವನಿಗಳ ಮಾತಾದರೆ 1,67,77,216ರಲ್ಲಿ ಒಂದು. ಆಗಲೂ 32 ಚಕ್ರಗಳಿಗೊಂದರಂತೆ ಬಂದೀತು. ಹೊತ್ತಿಗೆಯಲ್ಲಿ ಧ್ವನಿಗಳು ಸಮನಾಗಿ ಬರುವುದಿಲ್ಲವಾದ್ದರಿಂದ ಈ ಅಂಕಿಗಳು ಕೊಂಚ ಹೆಚ್ಚುಕಡಮೆಯಾಗುತ್ತವೆ; ವಾದ ಕೆಡುವುದಿಲ್ಲ.

ಹುಡುಗನ ಮುಖ ಸಪ್ಪಗಾಯಿತು. “ಹಾಗಾದರೆ ಇದರಲ್ಲಿರುವುದು ಯಾವುದೂ ನಿಜವಲ್ಲವೇ, ಸಾರ್?” ಎಂದನು.

ಅದೇ ಲೆಕ್ಕವೇ ಉತ್ತರವನ್ನೂ ಕೊಡುತ್ತದೆ. ಸಾಂಗತ್ಯದ ಒಂದು ಪದ್ಯದಲ್ಲಿ 60ಕ್ಕೆ ಕಡಮೆಯಿಲ್ಲದಷ್ಟು ಧ್ವನಿಗಳಿರುತ್ತವೆ. ಅವುಗಳಲ್ಲಿ 20 ಮಾತ್ರ ಆಕಸ್ಮಿಕವಾಗಿ ಸರಿಹೊಂದುವ ಸಂಭವವನ್ನು ಬರೆಯಲು ಛೇದದಲ್ಲಿ 37 ಸ್ಥಾನಗಳ ಸಂಖ್ಯೆ ಬೇಕು. ಅಲ್ಲಿ ದಾರಿಯನ್ನು ಓದುಗನು ಆರಿಸುವುದಿಲ್ಲ. ದಾರಿ ಮೊದಲೇ ಗೊತ್ತಾಗಿದೆ, ಪದ್ಯದ ಮೇಲೆ ಪದ್ಯ ಬರುತ್ತ ಹೋಗುತ್ತದೆ. ಆದುದರಿಂದ ಕನ್ನಡ ಕಾವ್ಯವನ್ನು ಒಬ್ಬನು ಬುದ್ಧಿಪೂರ್ವಕವಾಗಿ ಅಂಕಗಳಲ್ಲಿಟ್ಟನೆಂಬುದರಲ್ಲಿ ಸಂದೇಹವಿಲ್ಲ. ಇದು ಸಣ್ಣ ಸಾಧನೆಯೂ ಅಲ್ಲ. ದನಗಳ ಜಾತ್ರೆಯಲ್ಲಿ ಟವಲಿನ ಕೆಳಗೆ ಐದು ಬೆರಳು ಹಿಡಿದರೆ ಐದೋ, ಐವತ್ತೋ, ಐನೂರೋ ಎಂಬುದು ಕೈ ಹಿಡಿಯುವ ಮುಂಚೆ ಗೊತ್ತಿರಬೇಕು. ಹಿಡಿದ ಮೇಲೆ ತನಗೆ ಬೇಕಾದಂತೆ ಹೇಳುವವನೊಡನೆ ವ್ಯಾಪಾರ ಸಾಗದು. ಕ್ಲಾಡ್ ಶ್ಯಾನನ್ 1949ರಲ್ಲಿ ಗಣಿತರೂಪದಲ್ಲಿ ತೋರಿಸಿದ್ದೂ ಇದನ್ನೇ: ಕೀಲಿಗಿರುವ ಸ್ವಾತಂತ್ರ್ಯ ಹೆಚ್ಚಿದಷ್ಟೂ ಉತ್ತರ ಒಂದೇ ಎನ್ನಲು ಬರೆಹ ಉದ್ದವಾಗಿರಬೇಕು. ಇಂಗ್ಲಿಷಿನ ಸರಳ ಆದೇಶಕ್ರಮಕ್ಕೆ ಸುಮಾರು 30 ಅಕ್ಷರ ಸಾಕು. ಕೀಲಿಯೇ ಬರೆಹದಷ್ಟು ಉದ್ದವಾದರೆ ಯಾವ ಉತ್ತರವನ್ನಾದರೂ ಹೊರಡಿಸಬಹುದು. 718 ಭಾಷೆಗಳ ಮಾತನ್ನು ನಾವು ಒಪ್ಪದಿರುವುದಕ್ಕೆ ಕಾರಣ ಇಷ್ಟೇ: ಅಷ್ಟೂ ಭಾಷೆಗಳಿಗೆ ನಿಗದಿಯಾದ ದಾರಿಯನ್ನೂ ಉದ್ದನೆಯ ಪಾಠವನ್ನೂ ಯಾರೂ ತೋರಿಸಿಲ್ಲ.

ಮುಂದಿನ ವಾರ ಹುಡುಗ ಮತ್ತೆ ಬಂದನು. ತನ್ನ ಚಕ್ರದಲ್ಲಿ ‘ಇಲಿ’ ಸಿಕ್ಕಿತೆಂದೂ, ‘ಊಟ’ವೂ ಸಿಕ್ಕಿತೆಂದೂ ನಗುತ್ತ ತೋರಿಸಿದನು. ಈಗ ಅವನು ಹಿಡಿದಿರುವ ಕೆಲಸ ಬೇರೆ: ಚಕ್ರಗಳಲ್ಲಿ ಯಾವ ಧ್ವನಿ ಎಷ್ಟು ಸಲ ಬರುತ್ತದೆಂದು ಎಣಿಸಿ, ಕಾಲ ತಿಳಿದಿರುವ ಬೇರೆ ಕನ್ನಡ ಕಾವ್ಯಗಳ ಎಣಿಕೆಯೊಡನೆ ಹೋಲಿಸುವುದು. ಕೃತಿಯ ಕಾಲದ ವಿವಾದಕ್ಕೆ ಅದರಿಂದ ಏನಾದರೂ ಬೆಳಕು ಬಿದ್ದೀತೇ ಎಂದು ನೋಡುತ್ತಿದ್ದೇವೆ. ನಾಲ್ಕು ಚಕ್ರಗಳು ಮುಗಿದಿವೆ. ಐದನೆಯದರಲ್ಲಿ ಎರಡು ಸಾಲುಗಳ ಎಣಿಕೆ ತಪ್ಪಿರುವಂತೆ ತೋರುವುದರಿಂದ ಅದನ್ನು ಮೊದಲಿನಿಂದ ಎಣಿಸಬೇಕಾಗಿದೆ.