ಹಳೆಯ ಐಷಾರಾಮಿ ಎಸ್‌ಯುವಿಗಳ ಟ್ರಾನ್ಸ್‌ಫರ್ ಕೇಸ್: ದೋಷ ಪತ್ತೆ ಮತ್ತು ದುರಸ್ತಿ

ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯಲ್ಲಿಯೂ, ನೆರೆಯ ಕೊರಟಗೆರೆ, ಸಿರಾ, ಪಾವಗಡ ತಾಲ್ಲೂಕುಗಳಲ್ಲಿಯೂ ನಾಲ್ಕು ಚಕ್ರಗಳಿಗೂ ಎಂಜಿನ್ ಶಕ್ತಿ ತಲುಪುವ ವಾಹನಗಳು ಈಗ ಅಪರೂಪವಲ್ಲ. ಕಲ್ಲು ಗಣಿಯ ಮಾಲೀಕರು, ಗುತ್ತಿಗೆದಾರರು, ಕಡಲೆಕಾಯಿ ಮತ್ತು ಹುಣಸೆ ವರ್ತಕರು, ಕೊಳವೆ ಬಾವಿ ಕೊರೆಯುವ ಉದ್ಯಮದವರು ಇಂತಹ ವಾಹನಗಳನ್ನು ಎರಡನೆಯ ಅಥವಾ ಮೂರನೆಯ ಕೈಯಿಂದ ಖರೀದಿಸುತ್ತಿದ್ದಾರೆ. ಪಾವಗಡದ ತಿರುಮಣಿ ಸುತ್ತಮುತ್ತ 2018ರಲ್ಲಿ ಸೌರ ವಿದ್ಯುತ್ ಪಾರ್ಕ್ ಆರಂಭವಾದ ಬಳಿಕ ಗುತ್ತಿಗೆ ಕೆಲಸಗಳಿಗಾಗಿ ಓಡಾಡುವ ವಾಹನಗಳೂ ಇವುಗಳ ಜೊತೆ ಸೇರಿವೆ. ಹೊಸದಾಗಿ ಕೊಂಡರೆ ಮೂವತ್ತು, ನಲವತ್ತು ಲಕ್ಷ ರೂಪಾಯಿ ಬೀಳುವ ದರ್ಜೆಯ ವಾಹನವು ಹದಿನೈದು ವರ್ಷದ ಪ್ರಾಯದಲ್ಲಿ ಅದರ ಅಲ್ಪಾಂಶಕ್ಕೆ ದೊರೆಯುತ್ತದೆ. ಆದರೆ ಬಿಡಿಭಾಗಗಳ ಬೆಲೆ ಮಾತ್ರ ಹೊಸ ವಾಹನದ ಮಟ್ಟದಲ್ಲಿಯೇ ಉಳಿದಿರುತ್ತದೆ. ಅಗ್ಗದ ಖರೀದಿಯು ದುಬಾರಿಯಾಗಿ ಪರಿಣಮಿಸುವುದು ಇಲ್ಲಿಯೇ.

ಅಗ್ಗಕ್ಕೆ ಇನ್ನೊಂದು ಕಾರಣವೂ ಇದೆ. ದೆಹಲಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಸಂಚಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿಯಿತು. ಆ ವರ್ಷಗಳಲ್ಲಿ ಅಲ್ಲಿಂದ ಹೊರಬಿದ್ದ ಅನೇಕ ದುಬಾರಿ ಡೀಸೆಲ್ ವಾಹನಗಳು ದಕ್ಷಿಣದ ಮಾರುಕಟ್ಟೆಗೂ ಬಂದವು. ಇವುಗಳ ದುರಸ್ತಿ ದಾಖಲೆ ಕೈಸೇರುವುದು ಕಡಿಮೆ. ನಮ್ಮ ರಾಜ್ಯದಲ್ಲಿಯೇ, ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ 2009ರಿಂದ ಹೊರಬರುತ್ತಿರುವ ಫಾರ್ಚೂನರ್ ವಾಹನದ ಮೊದಲ ತಂಡಗಳೂ ಈಗ ಹದಿನೈದು ವರ್ಷ ದಾಟಿವೆ. ಗ್ರಾಮಾಂತರದ ಗ್ಯಾರೇಜುಗಳಿಗೆ ಹೆಚ್ಚಾಗಿ ಬರುವ ಹಳೆಯ ಎಸ್‌ಯುವಿಗಳಲ್ಲಿ ಅದೂ ಒಂದು.

ಪೆಟ್ಟಿಗೆಯ ಕೆಲಸ

ಗೇರ್‌ಬಾಕ್ಸಿನಿಂದ ಹೊರಬರುವ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಮೆಕ್ಯಾನಿಕರ ಬಾಯಲ್ಲಿ ಅದು ‘ಟ್ರಾನ್ಸ್‌ಫರ್ ಬಾಕ್ಸ್’. ಹಲವು ವಾಹನಗಳಲ್ಲಿ ಇದರೊಳಗೆ ಕಡಿಮೆ ವೇಗದ ಇನ್ನೊಂದು ಗೇರ್ ಜೋಡಿಯೂ ಇರುತ್ತದೆ. ಅದನ್ನು ತೊಡಗಿಸಿದಾಗ ಚಕ್ರಗಳು ಸುಮಾರು ಎರಡೂವರೆ ಪಟ್ಟು ನಿಧಾನವಾಗಿ ತಿರುಗಿ, ಅದೇ ಪ್ರಮಾಣದಲ್ಲಿ ಎಳೆಯುವ ಬಲ ಹೆಚ್ಚುತ್ತದೆ.

ದೋಷ ಪತ್ತೆಗೆ ಮೊದಲು ತಿಳಿಯಬೇಕಾದುದು ವಾಹನದ ಪೆಟ್ಟಿಗೆ ಯಾವ ಬಗೆಯದೆಂಬುದು. ಫೋರ್ಡ್ ಎಂಡೆವರ್‌ನ ಹಳೆಯ ಮಾದರಿಗಳಲ್ಲಿರುವುದು ಬೇಕಾದಾಗ ಮಾತ್ರ ಮುಂದಿನ ಚಕ್ರಗಳನ್ನು ಜೋಡಿಸುವ ವ್ಯವಸ್ಥೆ. ಅಲ್ಲಿ ಮುಂದು ಹಿಂದಿನ ನಡುವೆ ಡಿಫರೆನ್ಷಿಯಲ್ ಇಲ್ಲ. ಮೊದಲ ಪೀಳಿಗೆಯ ಫಾರ್ಚೂನರ್ ನಾಲ್ಕು ಚಕ್ರದ ಮಾದರಿ ಸದಾಕಾಲ ನಾಲ್ಕೂ ಚಕ್ರಗಳನ್ನು ನಡೆಸುತ್ತದೆ. ಅದರ ಮಧ್ಯದ ಟಾರ್ಸನ್ ಡಿಫರೆನ್ಷಿಯಲ್ ಸಾಮಾನ್ಯ ಸ್ಥಿತಿಯಲ್ಲಿ ಮುಂದಕ್ಕೆ ಶೇ. 40, ಹಿಂದಕ್ಕೆ ಶೇ. 60ರಂತೆ ಬಲ ಹಂಚುತ್ತದೆ. 2004ರಿಂದೀಚಿನ ಬಿಎಂಡಬ್ಲ್ಯು ಎಕ್ಸ್3, ಎಕ್ಸ್5 ವಾಹನಗಳಲ್ಲಿ ಕಡಿಮೆ ವೇಗದ ಗೇರ್ ಇಲ್ಲ. ಒಂದು ವಿದ್ಯುತ್ ಮೋಟಾರು ಕ್ಲಚ್ ಫಲಕಗಳನ್ನು ಒತ್ತಿ ಮುಂದಿನ ಅಚ್ಚಿಗೆ ಬಲ ಕಳಿಸುತ್ತದೆ. ಈ ಮೂರೂ ಬಗೆಗಳ ರೋಗಲಕ್ಷಣ ಒಂದೇ ರೀತಿ ಕಂಡರೂ ಚಿಕಿತ್ಸೆ ಬೇರೆ ಬೇರೆ. ಬಗೆ ತಿಳಿಯದೆ ಪೆಟ್ಟಿಗೆ ಇಳಿಸುವುದು ನಷ್ಟಕ್ಕೆ ದಾರಿ.

ಮೊದಲು ಟೈರು, ನಂತರ ಪೆಟ್ಟಿಗೆ

ತಿರುವಿನಲ್ಲಿ ವಾಹನ ಬಿಗಿಹಿಡಿದಂತಾಗುವುದು, ಸಣ್ಣಗೆ ಜಗ್ಗುವುದು, ಲಿವರ್ ಸಲೀಸಾಗಿ ಹಿಂತಿರುಗದಿರುವುದು ಇವು ಅತಿ ಸಾಮಾನ್ಯ ದೂರುಗಳು. ಇವುಗಳಲ್ಲಿ ಗಣನೀಯ ಪಾಲಿಗೆ ಕಾರಣ ಪೆಟ್ಟಿಗೆಯ ಹೊರಗೇ ಇರುತ್ತದೆ. ಉದಾಹರಣೆಗೆ ಫಾರ್ಚೂನರ್‌ನ 265/65 ಆರ್17 ಅಳತೆಯ ಟೈರನ್ನು ತೆಗೆದುಕೊಳ್ಳಬಹುದು. ಹೊಸತಿದ್ದಾಗ ಅದರ ವ್ಯಾಸ ಸುಮಾರು 776 ಮಿ.ಮೀ., ಸುತ್ತಳತೆ ಸುಮಾರು 2,438 ಮಿ.ಮೀ. ಪದರ 5 ಮಿ.ಮೀ. ಸವೆದರೆ ವ್ಯಾಸದಲ್ಲಿ 10 ಮಿ.ಮೀ., ಸುತ್ತಳತೆಯಲ್ಲಿ 31 ಮಿ.ಮೀ. ಕಡಿಮೆಯಾಗುತ್ತದೆ. ಹಿಂದೆ ಎರಡು ಹೊಸ ಟೈರು ಹಾಕಿ ಮುಂದೆ ಸವೆದವನ್ನೇ ಉಳಿಸಿದರೆ, ಪ್ರತಿ ಕಿಲೋಮೀಟರಿಗೆ ಮುಂದಿನ ಚಕ್ರ ಐದು ಸುತ್ತು ಹೆಚ್ಚು ತಿರುಗಬೇಕಾಗುತ್ತದೆ. ಮಧುಗಿರಿಯಿಂದ ತುಮಕೂರು ತಲುಪುವ ನಲವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಇದು ಇನ್ನೂರು ಸುತ್ತು ಮೀರುತ್ತದೆ. ಮಧ್ಯದ ಡಿಫರೆನ್ಷಿಯಲ್ ಅಥವಾ ಕ್ಲಚ್ ಫಲಕಗಳು ಈ ವ್ಯತ್ಯಾಸವನ್ನು ನೇರ ರಸ್ತೆಯಲ್ಲಿಯೂ ನಿರಂತರ ಅರಗಿಸಿಕೊಳ್ಳುತ್ತಾ ಕಾದು ಸವೆಯುತ್ತವೆ. ಎರಡು ಟೈರಿನ ಹಣ ಉಳಿಸಲು ಹೋಗಿ ಪೆಟ್ಟಿಗೆಯನ್ನೇ ಬಲಿ ಕೊಟ್ಟಂತಾಗುತ್ತದೆ. ಆದ್ದರಿಂದ ದೂರು ಬಂದೊಡನೆ ನಾಲ್ಕು ಟೈರುಗಳ ಸುತ್ತಳತೆಯನ್ನು ಟೇಪಿನಿಂದ ಅಳೆಯಬೇಕು. ತಯಾರಕರ ಹೆಸರು, ಅಳತೆ, ಗಾಳಿಯ ಒತ್ತಡ ನೋಡಬೇಕು. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಖರ್ಚಿಲ್ಲ.

ಎಂಡೆವರ್‌ನಂತಹ ಮಧ್ಯ ಡಿಫರೆನ್ಷಿಯಲ್ ಇಲ್ಲದ ವಾಹನಗಳಲ್ಲಿ ಇನ್ನೊಂದು ಅಭ್ಯಾಸದೋಷವಿದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಮರಳಿನಲ್ಲಿ, ಕೆಸರಿನಲ್ಲಿ ಟೈರು ಸ್ವಲ್ಪ ಜಾರಿ ಅದನ್ನು ಸರಿದೂಗಿಸುತ್ತದೆ. ಒಣ ಡಾಂಬರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲದೆ ಆ ವ್ಯತ್ಯಾಸವೆಲ್ಲ ಶಾಫ್ಟ್‌ಗಳಲ್ಲಿ ತಿರುಚಿಕೊಂಡು ನಿಲ್ಲುತ್ತದೆ. ಲಿವರ್ ಸಿಕ್ಕಿಕೊಂಡಾಗ ಅದನ್ನು ಬಲವಾಗಿ ಎಳೆಯದೆ, ವಾಹನವನ್ನು ಕೆಲವು ಮೀಟರು ಹಿಂದಕ್ಕೆ ಚಲಿಸಿದರೆ ತಿರುಚು ಸಡಿಲಗೊಂಡು ಲಿವರ್ ತಾನೇ ಬಿಡುತ್ತದೆ. ಸಿರಾ ಬಳಿಯ ಹೆದ್ದಾರಿಯಲ್ಲಿ ನಾಲ್ಕು ಚಕ್ರ ಜೋಡಿಸಿಕೊಂಡು ಬೆಂಗಳೂರಿನವರೆಗೂ ಓಡಿಸುವುದು ಸುರಕ್ಷತೆಯಲ್ಲ, ಸರಪಳಿಯ ನಾಶ.

ಶಬ್ದದಿಂದ ತಿಳಿಯುವುದು

ಗುಂಯ್‌ಗುಡುವ ಶಬ್ದ ಕೇಳಿದಾಗ ಟ್ರಾನ್ಸ್‌ಫರ್ ಕೇಸಿನ ಮೇಲೆ ಅನುಮಾನ ಪಡುವ ಮುನ್ನ ಒಂದು ಕ್ರಮವಿದೆ. ಶಬ್ದ ಬರುವ ವೇಗವನ್ನು ಗುರುತಿಸಿಕೊಂಡು, ಸುರಕ್ಷಿತ ರಸ್ತೆಯಲ್ಲಿ ಅದೇ ವೇಗಕ್ಕೆ ತಂದು, ಗೇರ್ ನ್ಯೂಟ್ರಲ್ ಮಾಡಿ ಎಂಜಿನ್ ಸುಮ್ಮನೆ ತಿರುಗಲು ಬಿಡಬೇಕು. ಎಂಜಿನ್ ಆರಿಸಬಾರದು, ಬ್ರೇಕು, ಸ್ಟೀರಿಂಗ್ ಎರಡೂ ಬಲ ಕಳೆದುಕೊಳ್ಳುತ್ತವೆ. ಶಬ್ದ ಮುಂದುವರಿದರೆ ಮೂಲವು ಗೇರ್‌ಬಾಕ್ಸಿನ ಈಚೆಗೆ, ಅಂದರೆ ಪೆಟ್ಟಿಗೆ, ಶಾಫ್ಟ್, ಡಿಫರೆನ್ಷಿಯಲ್ ಅಥವಾ ಚಕ್ರದ ಕಡೆಗೆ ಇದೆ. ಎಡಬಲಕ್ಕೆ ವಾಲಿಸಿದಾಗ ಶಬ್ದ ಏರಿಳಿದರೆ ಅದು ಬಹುತೇಕ ಚಕ್ರದ ಬೇರಿಂಗ್. ಏರಿನಲ್ಲಿ ಒತ್ತಡ ಬಿದ್ದಾಗ ಪೆಟ್ಟಿಗೆಯೊಳಗಿನಿಂದ ‘ಟಕ್ ಟಕ್’ ಎಂದು ಹಾರಿದಂತೆ ಕೇಳಿದರೆ, ಸರಪಳಿ ಇರುವ ಪೆಟ್ಟಿಗೆಗಳಲ್ಲಿ ಅದು ಸಡಿಲಗೊಂಡು ಹಲ್ಲು ಜಿಗಿಯುತ್ತಿದೆಯೆಂದು ಅರ್ಥ. ಇದನ್ನು ಮುಂದೂಡಬಾರದು, ಹರಿದ ಸರಪಳಿ ಅಲ್ಯೂಮಿನಿಯಂ ಕವಚವನ್ನೇ ಸೀಳಬಲ್ಲದು, ಆಗ ದುರಸ್ತಿಯ ಮಾತೇ ಉಳಿಯುವುದಿಲ್ಲ.

ವಾಹನ ಹೊರಡುವಾಗ ಅಥವಾ ನಿಲ್ಲುವಾಗ ಒಮ್ಮೆ ‘ಠಕ್’ ಎನ್ನುವುದು ಬೇರೆ ಸಂಗತಿ. ಪ್ರೊಪೆಲ್ಲರ್ ಶಾಫ್ಟಿನ ಜಾರುಕೀಲು ಒಣಗಿರಬಹುದು, ಯೂನಿವರ್ಸಲ್ ಜಾಯಿಂಟ್ ಸವೆದಿರಬಹುದು. ಗ್ರೀಸ್ ನಿಪ್ಪಲ್ ಇರುವ ಶಾಫ್ಟುಗಳಿಗೆ ಗ್ರೀಸ್ ಹೊಡೆದಷ್ಟಕ್ಕೇ ಶಬ್ದ ನಿಂತ ಪ್ರಸಂಗಗಳು ಕಡಿಮೆಯಲ್ಲ. ಪಾವಗಡದ ಕಡೆಯ ಧೂಳಿನಲ್ಲಿ ಈ ನಿಪ್ಪಲ್‌ಗಳು ಮುಚ್ಚಿಹೋಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಣ್ಣೆ ಹೇಳುವ ಕಥೆ

ಪೆಟ್ಟಿಗೆಯ ಆರೋಗ್ಯವನ್ನು ಅರಿಯಲು ಅದರ ಎಣ್ಣೆಯಷ್ಟು ಪ್ರಾಮಾಣಿಕ ಸಾಕ್ಷಿ ಇನ್ನೊಂದಿಲ್ಲ. ತೆಗೆಯುವಾಗ ಮೊದಲು ಮೇಲಿನ ತುಂಬುವ ಬಿರಡೆಯನ್ನು ಸಡಿಲಿಸಬೇಕು, ಆಮೇಲೆ ಕೆಳಗಿನದು. ಕೆಳಗಿನಿಂದ ಎಲ್ಲ ಬಸಿದ ಮೇಲೆ ಮೇಲಿನ ಬಿರಡೆ ತುಕ್ಕು ಹಿಡಿದು ಬಾರದಿದ್ದರೆ, ವಾಹನ ಗ್ಯಾರೇಜಿನಲ್ಲೇ ಕುಳಿತಿರಬೇಕಾಗುತ್ತದೆ. ಕೆಳಬಿರಡೆಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಲೇಪ ಅಂಟಿರುವುದು ಸಹಜ ಸವೆತ. ಚೂಪಾದ ಚೂರುಗಳು ಸಿಕ್ಕರೆ ಗೇರ್ ಅಥವಾ ಬೇರಿಂಗ್ ಒಡೆಯುತ್ತಿದೆ. ಅಯಸ್ಕಾಂತಕ್ಕೆ ಅಂಟದ ಹಿತ್ತಾಳೆ ಬಣ್ಣದ ಪುಡಿ ಬುಷ್ ಅಥವಾ ಸಿಂಕ್ರೊ ಉಂಗುರದಿಂದ ಬಂದದ್ದು. ಸುಟ್ಟ ವಾಸನೆ ಕ್ಲಚ್ ಫಲಕಗಳು ಕಾದಿರುವುದನ್ನು ಸೂಚಿಸುತ್ತದೆ.

ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಳೆ ಬಂದ ವರ್ಷ ಜಯಮಂಗಲಿ ಹೊಳೆಯ ಮರಳು ಪಾತ್ರದಲ್ಲಿ ನೀರು ಹರಿದಾಗ, ಅದನ್ನು ದಾಟುವ ವಾಹನಗಳಿಗೆ ಈ ಅಪಾಯ ಹೆಚ್ಚು. ಬಿಸಿಯಾದ ಪೆಟ್ಟಿಗೆ ನೀರಿಗಿಳಿದೊಡನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರುನಳಿಗೆ ತುಂಡಾಗಿದ್ದರೆ ಅಥವಾ ಸೀಲು ಸಡಿಲವಾಗಿದ್ದರೆ ಆ ಸೆಳೆತಕ್ಕೆ ನೀರು ಒಳನುಗ್ಗುತ್ತದೆ. ಎಣ್ಣೆ ಬದಲಿಸಿ, ಸ್ವಲ್ಪ ಓಡಿಸಿ, ಮತ್ತೊಮ್ಮೆ ಬದಲಿಸಿ, ಉಸಿರುನಳಿಗೆಯನ್ನು ಎತ್ತರಕ್ಕೆ ಏರಿಸಿದರೆ ಪೆಟ್ಟಿಗೆ ಉಳಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಬೇರಿಂಗ್‌ಗಳು ತುಕ್ಕು ಹಿಡಿಯುತ್ತವೆ.

ಎಣ್ಣೆಯ ಮಟ್ಟ ಕಾರಣವಿಲ್ಲದೆ ಏರಿದ್ದರೂ ಎಚ್ಚರ ವಹಿಸಬೇಕು. ಕೆಲವು ವಾಹನಗಳಲ್ಲಿ ಗೇರ್‌ಬಾಕ್ಸ್ ಮತ್ತು ಪೆಟ್ಟಿಗೆಯ ನಡುವಿನ ಸೀಲು ಸವೆದು, ಒಂದರ ಎಣ್ಣೆ ಇನ್ನೊಂದಕ್ಕೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಆದರೆ ಗೇರ್‌ಬಾಕ್ಸ್ ಒಣಗುತ್ತಿರುತ್ತದೆ. ಸೀಲಿನ ಬೆಲೆ ಅತ್ಯಲ್ಪ, ಅದನ್ನು ಕಡೆಗಣಿಸಿದರೆ ಎರಡು ಪೆಟ್ಟಿಗೆಗಳೂ ಹೋಗುತ್ತವೆ.

ಯಾವ ಎಣ್ಣೆ ಹಾಕಬೇಕೆಂಬುದರಲ್ಲಿ ಅಂದಾಜು ಸಲ್ಲದು. ಟಾರ್ಸನ್ ಇರುವ ಟೊಯೋಟ ಪೆಟ್ಟಿಗೆಗೆ 75ಡಬ್ಲ್ಯು-90 ದರ್ಜೆಯ ಗೇರ್ ಎಣ್ಣೆ ಒಗ್ಗುತ್ತದೆ. ಅದನ್ನೇ ಬಿಎಂಡಬ್ಲ್ಯು ಕ್ಲಚ್ ಪೆಟ್ಟಿಗೆಗೆ ಹಾಕಿದರೆ ಫಲಕಗಳು ಕಂಪಿಸಲಾರಂಭಿಸುತ್ತವೆ. ಅದಕ್ಕೆ ತಯಾರಕರು ಸೂಚಿಸಿದ ವಿಶೇಷ ದ್ರವವೇ ಬೇಕು. ನಿಧಾನ ವೇಗದಲ್ಲಿ ಜಗ್ಗುವ ಅಂಥ ವಾಹನಗಳು ಸರಿಯಾದ ಹೊಸ ದ್ರವ ಹಾಕಿದೊಡನೆ ಶಾಂತವಾದ ನಿದರ್ಶನಗಳಿವೆ.

ವಿದ್ಯುತ್ ದೋಷಗಳು

ಬಿಎಂಡಬ್ಲ್ಯುವಿನಂತಹ ವಾಹನದಲ್ಲಿ ನಾಲ್ಕು ಚಕ್ರ, ಸ್ಥಿರತೆ, ಬ್ರೇಕ್ ಈ ಮೂರು ದೀಪಗಳು ಒಟ್ಟಿಗೇ ಹೊತ್ತಿಕೊಂಡರೆ ಮಾಲೀಕರು ಗಾಬರಿಯಾಗುವುದು ಸಹಜ. ಮೊದಲು ಬ್ಯಾಟರಿಯ ವೋಲ್ಟೇಜ್ ಅಳೆಯಬೇಕು. ಬಲಹೀನ ಬ್ಯಾಟರಿ ಇಂತಹ ಹುಸಿ ದೋಷಗಳನ್ನು ಎಬ್ಬಿಸುತ್ತದೆ. ಅನಂತರ ದೋಷಸಂಕೇತಗಳನ್ನು ಓದಬೇಕು. ಇಗ್ನಿಷನ್ ಆರಿಸಿದ ಮೇಲೆ ವಾಹನದಡಿಯಿಂದ ಪೆಟ್ಟಿಗೆಯ ಮೋಟಾರು ತನ್ನ ಸ್ಥಾನವನ್ನು ಅಳೆದುಕೊಳ್ಳುವ ಸಣ್ಣ ಗಿರಗಿರ ಕೇಳಬೇಕು. ಕೇಳದಿದ್ದರೆ ಅಥವಾ ಕಡಕಡ ಎಂದರೆ, ಮೋಟಾರಿನೊಳಗಿನ ಪ್ಲಾಸ್ಟಿಕ್ ಗೇರ್ ಸವೆದಿರುವ ಸಂಭವ ಹೆಚ್ಚು. ಆ ಗೇರ್ ಮಾತ್ರ ಬಿಡಿಯಾಗಿ ದೊರೆಯುತ್ತದೆ. ಮೋಟಾರು ಪೆಟ್ಟಿಗೆಯ ಹೊರಗಿರುವುದರಿಂದ ಪೆಟ್ಟಿಗೆ ಇಳಿಸಬೇಕಾಗಿಯೇ ಇಲ್ಲ. ಇಡೀ ಪೆಟ್ಟಿಗೆ ಬದಲಿಸಬೇಕೆಂದು ಹೇಳುವವರ ಮುಂದೆ ಮಾಲೀಕರು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಎಂಡೆವರ್‌ನಲ್ಲಿ ದೀಪ ಮಿನುಗುತ್ತಲೇ ಇದ್ದು ಜೋಡಣೆಯಾಗದಿದ್ದರೆ ಫ್ಯೂಸ್, ಅರ್ಥ್ ತಂತಿ, ಮೋಟಾರಿನ ಕನೆಕ್ಟರುಗಳ ಪಾಚಿ ಇವುಗಳನ್ನು ಈ ಕ್ರಮದಲ್ಲಿ ನೋಡಬೇಕು. ಮಿತ್ಸುಬಿಷಿ ಪಜೆರೊದ ಹಳೆಯ ಸೂಪರ್ ಸೆಲೆಕ್ಟ್ ವ್ಯವಸ್ಥೆಯಲ್ಲಿ ಮುಂದಿನ ಅಚ್ಚನ್ನು ಜೋಡಿಸುವುದು ನಿರ್ವಾತದ ಸೆಳೆತ. ಅಲ್ಲಿ ಬಿರಿದ ರಬ್ಬರ್ ನಳಿಗೆಯೊಂದೇ ಇಡೀ ದೋಷವಾಗಿರಬಹುದು.

ಬಿಚ್ಚಲೇಬೇಕಾದಾಗ

ಚೂರುಗಳು ಸಿಕ್ಕಿ, ಸರಪಳಿ ಜಿಗಿದು, ಬೇರಿಂಗ್ ಅರಚಿದಾಗ ಪೆಟ್ಟಿಗೆ ಇಳಿಸದೆ ದಾರಿಯಿಲ್ಲ. ಶಾಫ್ಟಿನ ಚಾಚುಪಟ್ಟಿಗಳಿಗೆ ಕಳಚುವ ಮೊದಲೇ ಗುರುತು ಹಾಕಬೇಕು. ಸ್ಥಾನ ತಪ್ಪಿ ಕೂರಿಸಿದರೆ ಹೊಸ ನಡುಕ ಹುಟ್ಟುತ್ತದೆ. ಜ್ಯಾಕಿನ ಆಧಾರವಿಲ್ಲದೆ ಇಳಿಸುವುದು ಕೈಕಾಲಿಗೆ ಅಪಾಯಕರ. ಹೊರಭಾಗವನ್ನು ತೊಳೆದು ಒಣಗಿಸಿ, ಧೂಳಿಲ್ಲದ ಮೇಜಿನ ಮೇಲೆ ತೆರೆಯಬೇಕು. ರಸ್ತೆಬದಿಯಲ್ಲಿ ತೆರೆದ ಪೆಟ್ಟಿಗೆಗೆ ಹಾಕುವ ಹೊಸ ಬೇರಿಂಗ್ ಧೂಳಿಗೇ ಬಲಿಯಾಗುತ್ತದೆ. ಹೊಸ ಸೀಲು ಕೂರಿಸುವ ಮುನ್ನ ಶಾಫ್ಟಿನ ಮೇಲೆ ಹಳೆಯ ಸೀಲು ಕೊರೆದ ಗೆರೆಯನ್ನು ಉಗುರಿನಿಂದ ಪರೀಕ್ಷಿಸಬೇಕು. ಉಗುರು ಸಿಕ್ಕಿದರೆ ತೆಳುವಾದ ಲೋಹದ ತೋಳು ಹಾಕದೆ ಸೋರಿಕೆ ನಿಲ್ಲದು. ಸರಪಳಿ ಬದಲಿಸುವಾಗ ಹಲ್ಲುಚಕ್ರಗಳನ್ನೂ ನೋಡಬೇಕು. ಸವೆದ ಹಲ್ಲಿನ ಮೇಲೆ ಹೊಸ ಸರಪಳಿ ಬೇಗ ಹಾಳಾಗುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳೂ, ಶಿವಾಜಿನಗರದ ಕಡೆ ಬಳಸಿದ ಪೆಟ್ಟಿಗೆಗಳೂ ಸಿಗುತ್ತವೆ. ಬಳಸಿದ ಪೆಟ್ಟಿಗೆ ಕೊಳ್ಳುವಾಗ ಭಾಗಸಂಖ್ಯೆ ಹೊಂದಿಕೆ, ಎಣ್ಣೆಯಲ್ಲಿನ ಚೂರು, ಶಾಫ್ಟಿನ ಆಚೀಚೆ ಅಲುಗಾಟ ಇಷ್ಟನ್ನಾದರೂ ಅಂಗಡಿಯಲ್ಲೇ ನೋಡಬೇಕು, ಹಿಂತಿರುಗಿಸುವ ಷರತ್ತನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಖರ್ಚಿನ ಲೆಕ್ಕಕ್ಕೆ ಇನ್ನೊಂದು ಅಂಶ ಸೇರಿಸುವುದು ಯುಕ್ತ. ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಿಂದ 5,000 ರೂಪಾಯಿಗೆ ಏರಿತು. ನವೀಕರಣಕ್ಕೆ ಮುನ್ನ ವಾಹನದ ತಪಾಸಣೆಯೂ ಇದೆ. ಆ ಗಡಿಯ ಹತ್ತಿರವಿರುವ ವಾಹನಕ್ಕೆ ದೊಡ್ಡ ದುರಸ್ತಿ ಮಾಡಿಸುವ ಮೊದಲು ಮುಂದಿನ ಐದು ವರ್ಷದ ಉಪಯೋಗವನ್ನು ಅಂದಾಜಿಸಬೇಕು.

ಎರಡು ಅಪಾಯಗಳನ್ನು ಚಾಲಕರಿಗೆ ತಪ್ಪದೆ ತಿಳಿಸಬೇಕು. ಕೆಟ್ಟುನಿಂತ ನಾಲ್ಕು ಚಕ್ರದ ವಾಹನವನ್ನು ಎರಡು ಚಕ್ರ ಎತ್ತಿ, ಉಳಿದೆರಡನ್ನು ನೆಲದ ಮೇಲೆ ಉರುಳಿಸುತ್ತಾ ಪುರವರದಿಂದ ತುಮಕೂರಿಗೆ ಎಳೆದೊಯ್ದರೆ, ಸಣ್ಣ ದೋಷವಿದ್ದ ಪೆಟ್ಟಿಗೆ ದಾರಿಯಲ್ಲಿಯೇ ಪೂರ್ಣ ಹಾಳಾಗಬಹುದು. ಸಮತಟ್ಟು ಹಾಸಿನ ಲಾರಿಯ ಬಾಡಿಗೆ ಹೆಚ್ಚಾದರೂ ಅದೇ ಲಾಭ. ಎರಡನೆಯದು ಇನ್ನೂ ಗಂಭೀರ. ಪೆಟ್ಟಿಗೆಯ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಚಕ್ರಗಳಿಗೂ ಎಂಜಿನ್ನಿಗೂ ಸಂಪರ್ಕವೇ ಇರುವುದಿಲ್ಲ. ಮೊದಲ ಗೇರ್ ಹಾಕಿದ್ದರೂ, ಆಟೊಮ್ಯಾಟಿಕ್‌ನಲ್ಲಿ ಪಾರ್ಕ್ ಸ್ಥಾನದಲ್ಲಿದ್ದರೂ ವಾಹನ ಇಳಿಜಾರಿನಲ್ಲಿ ಉರುಳುತ್ತದೆ. ಗಣಿಯ ಏರುದಾರಿಯಲ್ಲಿ, ವಾಹನದಡಿ ಮಲಗಿ ಕೆಲಸ ಮಾಡುವ ಗ್ಯಾರೇಜಿನಲ್ಲಿ, ಕೈಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟ ನಂತರವೇ ಆ ಲಿವರನ್ನು ಮುಟ್ಟಬೇಕು.